ತೂಬಿನ ಕಲ್ಲಿನ ಬುಡ

ಫ್ರಾನ್ಸಿನ ಆ ಹೆಂಗಸು ನನಗೆ ಸಿಕ್ಕಿದ್ದು ಆಸ್ಪತ್ರೆಯ ಮಂಚದ ಮೇಲೆ. ನಾನು ಕೊಳ್ಳೇಗಾಲದಲ್ಲಿ ನರ್ಸ್. ಆಕೆ ಮಾದಪ್ಪನ ಬೆಟ್ಟ ನೋಡಿಕೊಂಡು ಇಳಿದು ಬರುವಾಗ ದಾರಿಯಲ್ಲಿ ಏನೋ ತಿಂದು, ವಾಂತಿಭೇದಿಯಿಂದ ನಿತ್ರಾಣವಾಗಿ ಬಂದು ಸೇರಿದ್ದರು. ವಯಸ್ಸು ಅರವತ್ತು ದಾಟಿತ್ತು. ಒಬ್ಬರೇ ಬಂದಿದ್ದರು. ಒಬ್ಬರೇ ಯಾಕೆ ಬಂದರು ಎಂಬ ಪ್ರಶ್ನೆ ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಇತ್ತು.

ಡ್ರಿಪ್ ಇಳಿಯುವಾಗ ನನ್ನ ಅರೆಬರೆ ಇಂಗ್ಲಿಷಿನಲ್ಲಿ ಮಾತಾಡಿಸಿದೆ. ಯಾವ ಊರು ಎಂದರೆ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಒಂದು ಕಾಲುವೆ, ಅದರ ದಂಡೆಗೆ ಅಂಟಿಕೊಂಡ ಕೆಲವೇ ಮನೆಗಳು, ನೀರನ್ನು ತಡೆದು ದೋಣಿಗಳನ್ನು ಮೇಲೇರಿಸಿ ಇಳಿಸುವ ದೊಡ್ಡ ಮರದ ಬಾಗಿಲು. ಆಕೆಯ ಅಜ್ಜಿಗೆ ಆ ಬಾಗಿಲು ತೆಗೆದು ಹಾಕುವುದೇ ಕೆಲಸವಂತೆ. ಈಗ ದೋಣಿಯಲ್ಲಿ ಸಾಮಾನು ಸಾಗಿಸುವವರು ಯಾರೂ ಇಲ್ಲ. ಆದರೂ ಊರಿನವರು ಬಾಗಿಲನ್ನೂ ಅಜ್ಜಿಯ ಮನೆಯನ್ನೂ ದಂಡೆಯ ಕಲ್ಲುಗಳನ್ನೂ ಹಾಗೇ ಉಳಿಸಿಕೊಂಡಿದ್ದಾರೆ. ಹಗ್ಗ ಉಜ್ಜಿ ಉಜ್ಜಿ ಸವೆದ ಗೀರುಗಳಿರುವ ಒಂದು ಕಲ್ಲಿನ ಫೋಟೋವನ್ನು ಆಕೆ ಬೆರಳಲ್ಲಿ ಹಿಗ್ಗಿಸಿ ತೋರಿಸಿದರು.

"ಇಂಥ ಕಲ್ಲು ನಮ್ಮೂರಲ್ಲೂ ಇದೆ" ಎಂದುಬಿಟ್ಟೆ.

ಇದ್ದದ್ದು ನಿಜ. ನಾನು ಮದುವೆಯಾಗಿ ಬಂದ ಊರು ಯಳಂದೂರಿನ ಕಡೆ, ಸುವರ್ಣಾವತಿಯ ಹಳೇ ಕಾಲುವೆಯ ದಂಡೆಯ ಮೇಲಿದೆ. ಊರು ಅನ್ನುವುದಕ್ಕಿಂತ ಒಂದು ಸಾಲು ಮನೆ. ಸಾಲಿನ ಕೊನೆಗೆ ತೂಬು, ಅಂದರೆ ಕಾಲುವೆಯಿಂದ ಗದ್ದೆಗೆ ನೀರು ಬಿಡುವ ಕಂಡಿ. ಅದರ ಪಕ್ಕ ಎದೆಯೆತ್ತರದ ಒಂಟಿ ಕಲ್ಲು. ಹಿಂದಿನವರು ಮರದ ಮುಚ್ಚಳವನ್ನು ಹಗ್ಗ ಕಟ್ಟಿ ಎಳೆಯುತ್ತಿದ್ದದ್ದು ಆ ಕಲ್ಲಿನ ಆಸರೆಯಲ್ಲಿ. ಈಗ ಕಬ್ಬಿಣದ ಗೇಟು ಬಂದಿದೆ. ಗದ್ದೆಗಳಿಗೆ ನೀರು ಹಂಚುವ ನೀರುಗಂಟಿ ಕೆಲಸ ನನ್ನ ಗಂಡನ ಮನೆತನದ್ದು, ಈಗ ಗಂಡನ ಅಣ್ಣ, ನನ್ನ ಭಾವ ಮಾಡುತ್ತಾರೆ. ನೀರು ಬಿಡುವ ದಿನ ಅತ್ತೆ ಆ ಕಲ್ಲಿಗೆ ಅರಿಶಿನ ಹಚ್ಚುತ್ತಾರೆ. ನನಗೆ ಅದು ಬಟ್ಟೆ ಒಗೆಯಲು ಹೋದಾಗ ಬಕೆಟ್ ಇಡುವ ಜಾಗದ ಗುರುತು, ಅಷ್ಟೆ.

ಆಕೆ ಹುಷಾರಾದ ಮೇಲೆ ಆಟೋ ಮಾಡಿಕೊಂಡು ಬಂದೇ ಬಂದರು. ಕಲ್ಲಿನ ಗೀರುಗಳಲ್ಲಿ ಬೆರಳಾಡಿಸಿದರು. ಆಮೇಲೆ ಒಂದು ಹಾಳೆ ತೆಗೆದು ಚಿತ್ರ ಬರೆಯತೊಡಗಿದರು. ಮರುದಿನವೂ ಬಂದರು. ಅದರ ಮರುದಿನವೂ. ಮನೆಗಳ ಜಗಲಿ, ಬಟ್ಟೆ ಒಗೆಯುವ ಮೆಟ್ಟಿಲು, ತೂಬಿನ ಸುಣ್ಣದ ಗಾರೆ, ಎಲ್ಲವನ್ನೂ ಬರೆದರು. ಟೇಪು ಹಿಡಿದು ಅಳೆದರು.

ಅಳೆಯುವುದನ್ನು ಕಂಡ ಮೇಲೆ ಊರಿನ ಮುಖ ಬದಲಾಯಿತು.

"ಕಲ್ಲ ಯಾಕವ್ವ ಅಳೀತಾಳ ಅವ್ಳು?" ಎಂದರು ಅತ್ತೆ, ರಾಗಿ ಕೇರುತ್ತ, ನನ್ನ ಕಡೆ ನೋಡದೆ.

"ಅವರ ಊರಲ್ಲೂ ಇಂಥದೇ ಇದೆಯಂತೆ, ಅತ್ತೆ."

"ಅವ್ರೂರಲ್ಲಿ ಇದ್ದ ಮ್ಯಾಕ ಇಲ್ಲೀದು ಯಾಕ ಬೇಕು?"

ನಮ್ಮ ಕಡೆ ನಿಧಿಯ ಆಸೆಗೆ ಹಾಳು ಗುಡಿಗಳ ಬುಡ ಅಗೆದವರ ಕಥೆ ಎಲ್ಲರಿಗೂ ಗೊತ್ತು. ರೆಸಾರ್ಟಿನವರು ಬರುತ್ತಾರೆ, ದಂಡೆಯ ಮನೆಗಳನ್ನು ಎಬ್ಬಿಸುತ್ತಾರೆ ಎಂಬ ಸುದ್ದಿಯೂ ಆಗಾಗ ಹಬ್ಬುತ್ತದೆ. ಸಾಲದ್ದಕ್ಕೆ ಆಕೆ ಒಂದು ದಿನ, "ಈ ಕಲ್ಲು ನೆಲದೊಳಗೆ ಎಷ್ಟು ಆಳ ಹೋಗಿದೆ?" ಎಂದು ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಭಾವನಿಗೆ ಹೇಳಿದೆ.

ಭಾವ ಬೀಡಿ ಆರಿಸಿದರು. "ಯಾಕಂತ?"

"ಚಿತ್ರದಲ್ಲಿ ಬರೆಯೋದಕ್ಕಂತೆ."

"ಮಣ್ಣೊಳಗಿರದು ಚಿತ್ರಕ್ಕ ಎಂಗ ಬತ್ತದ?" ಎಂದು ಎದ್ದು ಹೋದರು.

ಆ ಮಾತು ನನ್ನಲ್ಲೂ ಉಳಿಯಿತು. ಆಕೆ ಹೇಳಿದ್ದನ್ನೆಲ್ಲ ಮತ್ತೆ ತಿರುವಿ ಹಾಕಿದೆ. ಅಜ್ಜಿಯ ಕಥೆ ನಿಜವೇ? ಫೋಟೋ ಯಾರ ಊರಿನದೋ ಯಾರಿಗೆ ಗೊತ್ತು? ಲಾರಿ ಓಡಿಸುವ ನನ್ನ ಗಂಡ ದೂರದ ಲೋಡಿಗೆ ಹೋಗಿದ್ದರು. ಫೋನಿನಲ್ಲಿ ಹೇಳಿದರೆ, "ನೀನು ಯಾಕೆ ಮೈಮೇಲೆ ಹಾಕ್ಕಂಡೆ?" ಎಂದರು.

ಮಾರನೇ ಬೆಳಿಗ್ಗೆ ನೀರಿಗೆ ಹೋದ ಹೆಂಗಸರು ಕೂಗಿ ಕರೆದರು. ತೂಬಿನ ಕಲ್ಲಿನ ಬುಡವನ್ನು ಯಾರೋ ಅಗೆದಿದ್ದರು. ಮೊಣಕಾಲಾಳದ ಗುಂಡಿ. ಒಡೆದ ಗಾರೆಯ ಬಿಳಿ ಚೂರುಗಳು ಸುತ್ತ ಚೆಲ್ಲಿದ್ದವು. ಕಲ್ಲು ಕಾಲುವೆಯ ಕಡೆ ವಾಲಿತ್ತು.

ಆ ಹೊತ್ತಿಗೇ ಆಟೋ ಬಂತು. ಆಕೆ ಇಳಿದು, ಗುಂಡಿ ನೋಡಿ, ಬಾಯಿ ಮೇಲೆ ಕೈ ಇಟ್ಟುಕೊಂಡರು. ಊರಿನ ಯಜಮಾನರು ಮುಂದೆ ಬಂದು ನನಗೆ ಹೇಳಿದರು: "ಬ್ಯಾಗ್ ತೆಗೀಲಿ ಅನ್ನು."

ನಾನು ಹೇಳಲು ತಡವರಿಸಿದೆ. ಅಷ್ಟರಲ್ಲಿ ಆಕೆಗೇ ಅರ್ಥವಾಗಿತ್ತು. ಬ್ಯಾಗನ್ನು ಜಗಲಿಯ ಮೇಲಿಟ್ಟು ತಾವೇ ಬಿಚ್ಚಿದರು. ಹಾಳೆಗಳು, ಪೆನ್ಸಿಲುಗಳು, ನೀರಿನ ಬಾಟಲಿ, ನಾನೇ ಕೊಟ್ಟ ಮಾತ್ರೆಗಳು. ಕೊನೆಗೆ ಕರವಸ್ತ್ರದ ಒಂದು ಗಂಟು. ಯಜಮಾನರು ಬಿಚ್ಚಿಸಿದರು. ಒಳಗೆ ನಮ್ಮ ತೂಬಿನ ಗಾರೆಯ ತುಂಡು.

ಆಕೆಯ ಕಿವಿಗಳು ಕೆಂಪಾಗಿದ್ದವು. "ಮೊದಲ ದಿನ ಮೆಟ್ಟಿಲ ಹತ್ತಿರ ಉದುರಿಬಿದ್ದಿತ್ತು, ಎತ್ತಿಕೊಂಡೆ. ಕೇಳಬೇಕಿತ್ತು. ಅಗೆದದ್ದು ನಾನಲ್ಲ" ಎಂದರು. ನಾನು ಅದನ್ನು ಅನುವಾದಿಸಿದೆ. ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

"ಚೂರು ತಕಂಡವ್ಳು ಕಲ್ಲು ಬುಟ್ಟಾಳ?" ಎಂದು ಹಿಂದಿನಿಂದ ಯಾರೋ ಅಂದರು.

ಆಕೆ ಗಾರೆಯ ತುಂಡನ್ನು ಮೆಟ್ಟಿಲ ಮೇಲಿಟ್ಟು, ಅದೇ ಆಟೋದಲ್ಲಿ ವಾಪಸು ಹೋದರು. ಹೋಗುವಾಗ ನನ್ನ ಕಡೆ ನೋಡಿದರು. ನಾನು ಜೊತೆಗೆ ಆಟೋವರೆಗೂ ಹೋಗಲಿಲ್ಲ.

ಕೆಲವು ದಿನ ಕಳೆದ ಮೇಲೆ ಭಾವ ಆಸ್ಪತ್ರೆಗೆ ಬಂದರು. ಕಾಲಿನ ಹೆಬ್ಬೆರಳು ಊದಿ ಕಪ್ಪಾಗಿತ್ತು. ಊರಲ್ಲೇ ಎಲೆ ಅರೆದು ಕಟ್ಟಿಕೊಂಡು, ಕೀವಾದ ಮೇಲೆ ಬಂದಿದ್ದರು.

"ಕೊಟ್ಟಿಗೇಲಿ ಗೂಟ ಬಿತ್ತು ಕನವ್ವ" ಎಂದರು.

ಸ್ಟೂಲಿನ ಮೇಲೆ ಕಾಲಿರಿಸಿ ಗಾಯ ತೊಳೆದೆ. ಮೇಲೆದ್ದಿದ್ದ ಉಗುರಿನ ಅಡಿಯಿಂದ ಬಿಳಿಯ ಹರಳು ಹರಳು ಚೂರು ಹೊರಬಂತು. ನಮ್ಮ ಕೊಟ್ಟಿಗೆ ಮಣ್ಣಿನದು. ಹತ್ತಿಯ ಮೇಲೆ ಆ ಚೂರನ್ನು ಇಟ್ಟು ಅವರ ಮುಂದೆ ಹಿಡಿದೆ.

"ಇದು ಗಾರೆ, ಭಾವ."

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಡ್ರೆಸ್ಸಿಂಗ್ ಮುಗಿದ ಮೇಲೆ ಅಂದರು: "ಅವ್ಳು ಆಳ ಕೇಳುದ್ಲಲ್ಲ. ಕಿತ್ಕಂಡು ಓಗಾಕ ಆದದ ಇಲ್ವ ಅಂತ ನೋಡ್ದಿ. ಸುಲಭ್ವಾಗಿ ಬರಂಗಿದ್ರ ಸಿಮೆಂಟ್ ಆಕ್ಸವ ಅಂದ್ಕಂಡಿದ್ದಿ. ಆರೆ ಜಾರಿ ಕಾಲ್ ಮ್ಯಾಕ ಬಿತ್ತು."

"ಹಾಗಾದರೆ ಅವತ್ತು ಬ್ಯಾಗ್ ಬಿಚ್ಚಿಸುವಾಗ ಯಾಕೆ ಸುಮ್ಮನಿದ್ರಿ?"

"ಗಾರೆ ಸಿಗ್ತಲ್ಲ ಅವ್ಳ ತಾವು. ಅವ್ಳೂ ಕಳ್ಳೀನೇ ಅಂದ್ಕಂಡಿ."

"ಯಜಮಾನರಿಗೆ ನೀವೇ ಹೇಳಿ. ಇಲ್ಲದಿದ್ದರೆ ನಾನು ಹೇಳಬೇಕಾಗುತ್ತೆ."

ಅವರು ಹೇಳಿದರು. ನನಗೆ ಆಶ್ಚರ್ಯವಾದದ್ದು, ಊರು ಅದನ್ನು ಅಷ್ಟು ಸಲೀಸಾಗಿ ನಂಬಿದ್ದು. ಕಾವಲಿಗಾಗಿ ಅಗೆದ ಎಂದರು, ನೀರುಗಂಟಿ ಅಲ್ಲವೇ ಎಂದರು. ಒಂದು ಮಧ್ಯಾಹ್ನ ಗಂಡಸರೆಲ್ಲ ಸೇರಿ ಹಗ್ಗ ಹಾಕಿ ಕಲ್ಲನ್ನು ನೆಟ್ಟಗೆ ನಿಲ್ಲಿಸಿ, ಬುಡಕ್ಕೆ ಸಿಮೆಂಟು ಸುರಿದರು. ಎಲ್ಲರ ಎದುರಿಗೆ ಒಬ್ಬ ಅತಿಥಿಯ ಬ್ಯಾಗು ಬಿಚ್ಚಿಸಿದ್ದು ಯಾರ ಬಾಯಲ್ಲೂ ಬರಲಿಲ್ಲ.

ನಾನು ಆಕೆಗೆ ಮೊಬೈಲಿನಲ್ಲಿ ನಡೆದದ್ದನ್ನು ಬರೆದು, ಕ್ಷಮಿಸಿ ಎಂದು ಕಳಿಸಿದೆ. ಆಗಲೇ ತಮ್ಮ ದೇಶ ಸೇರಿದ್ದರು. ಕಲ್ಲು ನಿಂತಿತಲ್ಲ, ಸಂತೋಷ ಎಂದು ಉತ್ತರ ಬಂತು. ಬರೆದ ಚಿತ್ರಗಳನ್ನು ಕಳಿಸಿ ಎಂದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.

ಭಾವನ ಮಾತನ್ನು ನಾನು ಪೂರ್ತಿ ನಂಬಿದ್ದೇನೆಯೇ, ಗೊತ್ತಿಲ್ಲ. ಕಲ್ಲು ಅಲ್ಲಾಡುತ್ತದೋ ಇಲ್ಲವೋ ನೋಡಲು ನಾಲ್ಕು ಜನರ ಎದುರು ಹಗಲಲ್ಲೇ ನೂಕಿ ನೋಡಬಹುದಿತ್ತು. ಊರು ಏಳುವ ಮುಂಚೆ ಹೋಗಬೇಕಿರಲಿಲ್ಲ. ನಿಧಿಯ ಕಥೆಗಳನ್ನು ಅವರೂ ಕೇಳಿದವರೇ. ಇದನ್ನು ಅತ್ತೆಗೆ ಹೇಳಿದಾಗ ಅವರು ಮಗನ ಪರ ಮಾತಾಡಲಿಲ್ಲ, ವಿರೋಧವೂ ಮಾಡಲಿಲ್ಲ.

"ನೀರು ಬುಡೋ ಕೈ ಕನವ್ವ ಅದು. ಅನುಮಾನ ಪಟ್ರ ಗದ್ದೆಗೆ ನೀರು ಯಾರ್ನ ಕೇಳ್ಬೇಕು?" ಎಂದರು.

ಭಾವ ಈಗಲೂ ಬೆಳಗಾದರೆ ತೂಬಿನ ಹತ್ತಿರ ಇರುತ್ತಾರೆ. ನಾನು ಬಸ್ಸಿಗೆ ಹೋಗುವಾಗ "ಓಗ್ಬುಟ್ ಬಾವ್ವ" ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ತಿರುವು ದಾಟುವವರೆಗೂ ಅವರು ನನ್ನನ್ನೇ ನೋಡುತ್ತಿರುತ್ತಾರೆ ಎಂದು ನನಗೆ ಅನಿಸುತ್ತದೆ.