ಕತ್ತರಿ ಅಕ್ಕ ಸೇರಿಸಿದ ಕಲಮು

ಕಾನೂನು ಇಲಾಖೆಯಲ್ಲಿ ಕಾಯಿದೆಗಳ ಕರಡು ಬರೆಯುತ್ತಿದ್ದ ಅವಳಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಕತ್ತರಿ ಅಕ್ಕ. ಒಂದು ಪದ ಹೆಚ್ಚಾಗಿದ್ದರೂ ಮುಲಾಜಿಲ್ಲದೆ ಹೊಡೆದುಹಾಕುತ್ತಿದ್ದಳು. ನಗುವುದರಲ್ಲೂ ಅಷ್ಟೇ ಜಿಪುಣಿ. ಒಡಹುಟ್ಟಿದ ತಮ್ಮ ರಜೆಗೆ ಬಂದಾಗ ಮಾತ್ರ ಮನೆಯಲ್ಲಿ ಅವಳ ನಗು ಕೇಳಿಸುತ್ತಿತ್ತು.

ಅವನು ತೈಲ ಹಡಗೊಂದರ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ನೆರೆದೇಶದ ಮೇಲೆ ದಂಡೆತ್ತಿ ಹೋದ ಒಂದು ದೇಶದ ಎಣ್ಣೆಯನ್ನು ಯಾರೂ ಕೊಳ್ಳಬಾರದು, ಸಾಗಿಸಬಾರದು ಎಂದು ಹಲವು ದೇಶಗಳು ಆಗಷ್ಟೇ ತೀರ್ಮಾನಿಸಿದ್ದವು. ಹಡಗಿನ ಮಾಲೀಕ ಆ ಎಣ್ಣೆಯನ್ನೇ ಕದ್ದುಮುಚ್ಚಿ ಸಾಗಿಸುತ್ತಿದ್ದ. ಹಡಗು ಎಲ್ಲಿದೆಯೆಂದು ಲೋಕಕ್ಕೆ ತಿಳಿಸುವ ಯಂತ್ರವನ್ನು ನಡುಗಡಲಲ್ಲಿ ಆರಿಸಿಬಿಡಬೇಕೆಂದು ಅವನ ಅಪ್ಪಣೆ. ಹಾಗೆ ಆರಿಸಿದ್ದಾಗಲೇ ಎಂಜಿನ್ ಕೋಣೆಗೆ ಬೆಂಕಿ ಬಿತ್ತು. ಸುಟ್ಟ ಗಾಯಗಳಿಂದ ತಮ್ಮ ನರಳುತ್ತಿದ್ದರೂ, ಗುಟ್ಟು ರಟ್ಟಾಗುತ್ತದೆಂದು ಮಾಲೀಕ ದಡದಿಂದಲೇ ತಡೆದು ಯಾರನ್ನೂ ಸಹಾಯಕ್ಕೆ ಕರೆಯಗೊಡಲಿಲ್ಲ. ತಮ್ಮ ಉಳಿಯಲಿಲ್ಲ. ಹಡಗಿನ ಅಡುಗೆಯವನು ಮನೆಗೆ ಬಂದು ಇದನ್ನೆಲ್ಲ ಹೇಳಿ ಅತ್ತ.

ಪೊಲೀಸರು ಕೈಚೆಲ್ಲಿದರು. "ಆ ತೀರ್ಮಾನ ನಮ್ಮಲ್ಲಿನ್ನೂ ಕಾನೂನಾಗಿಲ್ಲ ಮೇಡಂ. ಹಡಗು ಎಲ್ಲಿತ್ತು ಅನ್ನೋದಕ್ಕೂ ಸಾಕ್ಷಿಯಿಲ್ಲ. ಏನಂತ ಕೇಸ್ ಹಾಕೋದು?"

ಮಾಲೀಕ ಸಾಂತ್ವನ ಹೇಳಲು ಬಂದ. "ಹಣೆಬರಹ ಕಣಮ್ಮ, ಯಾರೇನು ಮಾಡೋಕಾಗುತ್ತೆ?"

ಅವಳು ನೀರು ಕೊಟ್ಟು, ಬಾಗಿಲವರೆಗೂ ಹೋಗಿ ಕಳಿಸಿದಳು. ಒಳಗೆ ಬಂದು ಆ ಲೋಟವನ್ನು ಕಸದ ಬುಟ್ಟಿಗೆ ಎಸೆದಳು.

ಮರುವರ್ಷ ಸರ್ಕಾರ ಆ ನಿಷೇಧವನ್ನು ಕಾಯಿದೆ ಮಾಡಲು ಹೊರಟಾಗ ಕರಡು ಅವಳ ಮೇಜಿಗೇ ಬಂತು. ತಮ್ಮನ ವಿಷಯ ಹೇಳಿದ್ದರೆ ಬೇರೆಯವರಿಗೆ ಕೊಡುತ್ತಿದ್ದರು. ಅವಳು ತುಟಿ ಬಿಚ್ಚಲಿಲ್ಲ. ಕೊಳ್ಳುವವನು, ಸಾಗಿಸುವವನು, ವಿಮೆ ಮಾಡಿಸಿಕೊಡುವವನು, ಎಲ್ಲರನ್ನೂ ಕಟ್ಟಿಹಾಕಿ ಇನ್ನೊಂದು ಕಲಮು ಸೇರಿಸಿದಳು: ಸಕಾರಣವಿಲ್ಲದೆ ನೆಲೆ ತಿಳಿಸುವ ಯಂತ್ರ ಆರಿಸಿದ ಹಡಗು ನಿಷೇಧಿತ ಎಣ್ಣೆಯನ್ನೇ ಸಾಗಿಸಿದೆಯೆಂದು ಪರಿಭಾವಿಸತಕ್ಕದ್ದು, ಅಲ್ಲವೆಂದು ರುಜುವಾತು ಮಾಡುವ ಹೊಣೆ ಮಾಲೀಕನದು, ತಪ್ಪಿದರೆ ಹಡಗೇ ಮುಟ್ಟುಗೋಲು.

"ಇಷ್ಟು ಬಿಗಿ ಬೇಕೇನಮ್ಮ?" ಎಂದರು ಕಾರ್ಯದರ್ಶಿ.

"ಸಡಿಲ ಬಿಟ್ರೆ ಹಡಗೇ ನುಸುಳುತ್ತೆ ಸರ್."

ಶಾಸನಸಭೆ ಒಪ್ಪಿತು. ಕೆಲವೇ ತಿಂಗಳಲ್ಲಿ ಮತ್ತೆ ಯಂತ್ರ ಆರಿಸಿಕೊಂಡು ಬಂದ ಅದೇ ಹಡಗನ್ನು ಸುಂಕದ ಅಧಿಕಾರಿಗಳು ಬಂದರಿನ ಬಾಯಲ್ಲಿ ತಡೆದರು. ಕಾನೂನು ಇಲಾಖೆಯಲ್ಲಿ ಮಾಲೀಕನಿಗೆ ಪರಿಚಯವಿದ್ದವಳು ಅವಳೊಬ್ಬಳೇ. ಓಡಿಬಂದ.

"ಯಂತ್ರ ತಾನಾಗೇ ಕೆಟ್ಟಿತ್ತು ತಾಯಿ. ನೀವೊಂದು ಮಾತು ಹೇಳಿ."

"ಎಲ್ಲಿ ಕೆಟ್ಟಿದ್ದು?"

"ಸಮುದ್ರದಲ್ಲಿ."

"ಸಮುದ್ರ ದೊಡ್ಡದು. ಎಲ್ಲಿ?"

ಅವನು ಎರಡೂ ಕೈ ಮುಗಿದ.

"ಕೋರ್ಟಲ್ಲೂ ಇದನ್ನೇ ಕೇಳ್ತಾರೆ. ಆ ಕಲಮು ಬರೆದೋಳು ನಾನೇ," ಎಂದಳು. ಅವನ ಮುಖ ಬಿಳಿಚಿಕೊಳ್ಳುವುದನ್ನು ಕಣ್ತುಂಬ ನೋಡಿದಳು.

ಆದರೆ ಕೇಸು ಎಳೆದಾಡತೊಡಗಿತು. ಅದು ಮುಗಿಯುವವರೆಗೆ ನಾವಿಕರಿಗೆ ಹಡಗಿನಿಂದ ಇಳಿಯಲು ಅನುಮತಿಯಿರಲಿಲ್ಲ. ಹೊಟ್ಟೆಪಾಡಿಗೆ ಅದರಲ್ಲೇ ಉಳಿದಿದ್ದ ಅಡುಗೆಯವನು ಫೋನಿನಲ್ಲಿ, "ಅಕ್ಕ, ಅವನ ಜೊತೆ ನಮ್ಮನ್ನೂ ಹಿಡಿದುಹಾಕಿಬಿಟ್ರಲ್ಲ," ಎಂದ. ಮರುದಿನದಿಂದಲೇ ಅವಳು ಕಚೇರಿಯಿಂದ ಕಚೇರಿಗೆ ಅಲೆದು ಅವರನ್ನು ಇಳಿಸಿ ಮನೆಗೆ ಕಳಿಸಿದಳು. ಮಾಲೀಕನ ಮೇಲೆ ಮಾತ್ರ ಎಳ್ಳಷ್ಟೂ ಕರಗಲಿಲ್ಲ.

ಕೊನೆಗೆ ಹಡಗು ಹರಾಜಾಯಿತು.

"ಈಗಲಾದ್ರೂ ಹೊಟ್ಟೆ ತಣ್ಣಗಾಯ್ತಾ ಮಗಳೇ?" ಅಮ್ಮ ಕೇಳಿದಳು.

"ಇಲ್ಲಮ್ಮ. ಅವನಿಗಿನ್ನೂ ಎರಡು ಹಡಗಿವೆ."