ಯಾರ್ದೋ ಎಂಬ ನಾಯಿ

ಟೊಮೆಟೊ ಗಿಡದ ಎಲೆಯನ್ನು ಬೆರಳಲ್ಲಿ ಹೊಸಕಿದರೆ ಒಂದು ಘಾಟು ವಾಸನೆ ಬರುತ್ತದೆ. ಸೋಪು ಹಾಕಿ ತೊಳೆದರೂ ಬೇಗ ಹೋಗುವುದಿಲ್ಲ. ಮೊನ್ನೆ ಅತ್ತಿಗುಪ್ಪೆಯ ನಮ್ಮ ಮನೆಯ ಬಾಲ್ಕನಿಯಲ್ಲಿ ಕುಂಡದ ಗಿಡಕ್ಕೆ ಕೋಲು ಕಟ್ಟುತ್ತಿದ್ದಾಗ ಅದು ಕೈಗೆ ಹತ್ತಿತು. ಎದುರುಮನೆ ದೊಡ್ಡಮ್ಮ ನೆನಪಾದರು... ಅವರ ಹಿಂದೆಯೇ ಆ ಬೆಳಗ್ಗೆಯೂ ನೆನಪಾಗಿ ಮೈ ಬಿಸಿಯಾಯಿತು. ಇಷ್ಟು ವರ್ಷವಾದರೂ ನನ್ನ ಸಿಟ್ಟು ಇಳಿದಿಲ್ಲ. ಸಿಟ್ಟಿನಲ್ಲಿ ಹೆಚ್ಚುಕಡಿಮೆ ಹೇಳಿಬಿಡುವ ಭಯವಿದೆ. ಅದಕ್ಕೇ ಕಂಡದ್ದನ್ನು ಕಂಡ ಹಾಗೆ, ನಿಧಾನವಾಗಿ ಬರೆಯುತ್ತೇನೆ.

ಆಗ ನಾವು ಮೂಡಲಪಾಳ್ಯದ ಒಂದು ಮನೆಯ ಮೊದಲ ಮಹಡಿಯಲ್ಲಿ ಬಾಡಿಗೆಗಿದ್ದೆವು. ದೊಡ್ಡಮ್ಮ ನನಗೆ ನೆಂಟರಲ್ಲ. ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಅವರ ಮನೆತನದ ಹೊಲವೆಲ್ಲ ಲೇಔಟ್ ಆಗಿ, ಮನೆಯೂ ಅದರ ಪಕ್ಕದ ಒಂದು ಸೈಟೂ ಉಳಿದಿದ್ದವು. ಮಗ ಸೊಸೆ ಕೆಲಸಕ್ಕೆ ಹೊರಟ ಮೇಲೆ ದೊಡ್ಡಮ್ಮ ಸೈಟಿಗೆ ಇಳಿದರೆ ಬಿಸಿಲೇರುವವರೆಗೆ ಒಳಗೆ ಬರುತ್ತಿರಲಿಲ್ಲ. ಬದನೆ, ಟೊಮೆಟೊ, ದಂಟಿನ ಸೊಪ್ಪು, ಚಪ್ಪರದ ಮೇಲೆ ಹೀರೆ. ನಡುವೆ ಒಂದು ಕೋಲಿಗೆ ಹರಕಲು ಚಪ್ಪಲಿ, ಸುಣ್ಣದ ಬೊಟ್ಟಿಟ್ಟ ಮಡಕೆ. ದೃಷ್ಟಿಯಾಗದಿರಲೆಂದು.

ದೃಷ್ಟಿಯ ಭಯ ಅವರಿಗೆ ಬಹಳ ಇತ್ತು. ಚೆನ್ನಾಗಿರುವುದನ್ನು ಚೆನ್ನಾಗಿದೆ ಎನ್ನುತ್ತಿರಲಿಲ್ಲ, ತಮ್ಮದನ್ನು ತಮ್ಮದೆನ್ನುತ್ತಿರಲಿಲ್ಲ. ಬದನೆಕಾಯಿ ಹೊಗಳಿದರೆ, "ಅಯ್ಯೋ, ಎಲ್ಲಾ ಹುಳ ಕಣವ್ವ." ಮೊಮ್ಮಗಳು ಮುದ್ದಾಗಿದ್ದಾಳೆ ಎಂದರೆ, "ಎಲ್ಲಿ ಮುದ್ದು? ಮೂಗು ನೋಡು, ಥೇಟ್ ಅವರಪ್ಪಂದೇ, ಬೋಂಡ ಇದ್ದಂಗಿದೆ."

ನಾಯಿಯ ವಿಷಯದಲ್ಲೂ ಇದೇ. ಕಂದು ಬಣ್ಣದ ಬೀದಿನಾಯಿ. ಮರಿಯಿದ್ದಾಗ ಚರಂಡಿಯಿಂದ ಎತ್ತಿ ತಂದು, ರಾಗಿ ಅಂಬಲಿ ಕುಡಿಸಿ ಬೆಳೆಸಿದ್ದರು. ನಾವು ಹೊಸದಾಗಿ ಬಂದಾಗ ಕೇಳಿದ್ದೆ, "ಯಾರ್ದು ದೊಡ್ಡಮ್ಮ ಈ ನಾಯಿ?"

"ಯಾರ್ದೋ."

ಅದೇ ಹೆಸರೆಂದುಕೊಂಡು ನನ್ನ ಪುಟ್ಟ ಮಗಳು "ಯಾರ್ದೋ, ಬಾ ಬಾ" ಎಂದಳು. ನಾಯಿ ಬಾಲ ಆಡಿಸುತ್ತ ಬಂತು. ಅಂದಿನಿಂದ ಬೀದಿಗೆಲ್ಲ ಅದು ಯಾರ್ದೋ. ದೊಡ್ಡಮ್ಮನಿಗೂ ಇದು ಹಿಡಿಸಿತು. "ಲೋ ಯಾರ್ದೋ, ಸೊಪ್ಪಿನ ಮೇಲೆ ಮಲಗ್ತೀಯಲ್ಲೋ, ನಿಮ್ಮಪ್ಪ ಬಂದು ನೀರು ಹಾಕ್ತಾನಾ?" ಎಂದು ಬೈಯುತ್ತಲೇ ಸಾರಿನಲ್ಲಿ ಮುದ್ದೆ ಕಿವುಚಿ ಅದರ ತಟ್ಟೆಗೆ ಹಾಕುತ್ತಿದ್ದರು.

ಮೂಲೆಮನೆಯ ಯಜಮಾನರಿಗೆ ಆ ನಾಯಿ ಆಗುತ್ತಿರಲಿಲ್ಲ. ಅವರಿಗೆ ಕಾರು ನಿಲ್ಲಿಸಲು ದೊಡ್ಡಮ್ಮನ ಸೈಟಿನ ಗೋಡೆಯ ಪಕ್ಕವೇ ಬೇಕಿತ್ತು. ಅಲ್ಲಿ ನಾಯಿ ಮಲಗಿರುತ್ತಿತ್ತು, ಕಾರು ಬಂದರೆ ಬೊಗಳುತ್ತಿತ್ತು. ಆದರೆ ತರಕಾರಿಗೆ ಮಾತ್ರ ತಪ್ಪದೆ ಬರುತ್ತಿದ್ದರು.

"ಏನ್ ಫಸ್ಟ್ ಕ್ಲಾಸ್ ಬದನೆಕಾಯಿ ದೊಡ್ಡಮ್ಮ."

"ಎಲ್ಲಾ ಹುಳ ಸ್ವಾಮಿ."

"ಹುಳದ್ದೇ ಒಂದ್ ನಾಕು ಕೊಡಿ ಮತ್ತೆ."

ನಗುತ್ತ ತೆಗೆದುಕೊಂಡು ಹೋಗುತ್ತಿದ್ದರು. ಎಂದರೆ, ದೊಡ್ಡಮ್ಮನ ಅಭ್ಯಾಸ ಅವರಿಗೆ ಚೆನ್ನಾಗಿ ಗೊತ್ತಿತ್ತು. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಆ ಬೆಳಗ್ಗೆ ನಾನು ಮಹಡಿಯ ಮೇಲೆ ಬಟ್ಟೆ ಒಣಗಿಸುತ್ತಿದ್ದೆ. ತಿರುವಿನಲ್ಲಿ ಒಂದು ವ್ಯಾನು ನಿಂತಿತ್ತು. ಬಲೆ ಹಿಡಿದ ಇಬ್ಬರೊಂದಿಗೆ ಮೂಲೆಮನೆಯವರು ನಡೆದು ಬಂದರು. ಅವರೇ ಬಾಡಿಗೆಗೆ ಕರೆಸಿದ್ದು. ಬಲೆಯವನೊಬ್ಬ, "ಸಾಕಿರೋ ನಾಯಿ ಆದ್ರೆ ಮುಟ್ಟಲ್ಲ ಸಾರ್, ಆಮೇಲೆ ಗಲಾಟೆ" ಎಂದ. "ನಿಮ್ಮೆದುರಿಗೇ ಕೇಳ್ತೀನಿ, ಬನ್ನಿ" ಎಂದರು ಇವರು. ಬಲೆಯವರು ಗೋಡೆಯ ಮರೆಯಲ್ಲಿ ನಿಂತರು. ದೊಡ್ಡಮ್ಮ ಬಗ್ಗಿ ಸೊಪ್ಪು ಕೀಳುತ್ತಿದ್ದರು. ಅವರಿಗೆ ವ್ಯಾನೂ ಕಾಣುತ್ತಿರಲಿಲ್ಲ, ಬಲೆಯೂ ಕಾಣುತ್ತಿರಲಿಲ್ಲ.

ಮೂಲೆಮನೆಯವರು ಸುಮ್ಮನೆ "ಇದು ನಿಮ್ಮ ನಾಯಿಯೇ" ಎಂದು ಕೇಳಲಿಲ್ಲ. ಮೊದಲು ಹೊಗಳಿದರು.

"ಎಂಥಾ ಚೆಂದದ ನಾಯಿ ದೊಡ್ಡಮ್ಮ. ಮೈ ಹೆಂಗೆ ಮಿಂಚ್ತಾ ಇದೆ ನೋಡಿ. ನಿಮ್ದೇನಾ?"

ದೊಡ್ಡಮ್ಮ ತಲೆ ಎತ್ತಲೂ ಇಲ್ಲ. "ಅಯ್ಯೋ, ನಮ್ದಲ್ಲಪ್ಪ. ಯಾರ್ದೋ."

"ಅದು ಅವರದೇ ನಾಯಿ, ಬಿಡಿ" ಎಂದು ಮೇಲಿನಿಂದ ಕೂಗಿಕೊಂಡು ನಾನು ಮೆಟ್ಟಿಲಿಳಿದು ಓಡಿದೆ. ಅಷ್ಟರಲ್ಲಿ ಬಲೆ ಬಿದ್ದಿತ್ತು. "ಸಾಕಿದವರೇ ಅಲ್ಲ ಅಂದ್ಮೇಲೆ ನಿಮ್ದೇನ್ರೀ ಮಧ್ಯ?" ಎಂದರು ಮೂಲೆಮನೆಯವರು. ನಾಯಿಯ ಕೂಗು ಕೇಳಿ ದೊಡ್ಡಮ್ಮ ಮಣ್ಣಿನ ಕೈಯಲ್ಲೇ ಬಂದು ವ್ಯಾನಿನ ಬಾಗಿಲು ಹಿಡಿದರು.

"ನಮ್ದು ಕಣಪ್ಪ. ನಮ್ದೇ. ನಾನೇ ಸಾಕಿದ್ದು."

ಆ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಬಲೆಯವನು ಅನುಮಾನಿಸಿ ಮೂಲೆಮನೆಯವರ ಮುಖ ನೋಡಿದ. "ಈಗ್ತಾನೆ ಅಲ್ಲ ಅಂದ್ರಲ್ಲ, ನೀವೇ ಕೇಳಿಸ್ಕೊಂಡ್ರಲ್ಲ. ವಯಸ್ಸಾಗಿದೆ ಪಾಪ. ನೀವು ನಡೀರಿ" ಎಂದರು ಅವರು. ವ್ಯಾನು ಹೋಯಿತು.

ಹೆಗ್ಗನಹಳ್ಳಿ ಕಡೆ ಬಿಡುತ್ತಾರೆ ಎಂದು ಯಾರೋ ಹೇಳಿದರು. ದೊಡ್ಡಮ್ಮನೂ ನಾನೂ ಆಟೋದಲ್ಲಿ ಹೋಗಿ ಬೀದಿ ಬೀದಿ ಹುಡುಕಿದೆವು. "ಯಾರ್ದೋ... ಯಾರ್ದೋ..." ಎಂದು ಅವರು ಕರೆಯುತ್ತಿದ್ದರೆ ಜನ ತಿರುಗಿ ನೋಡುತ್ತಿದ್ದರು. ಟೀ ಅಂಗಡಿಯವನೊಬ್ಬ ವಿಚಾರಿಸಿದ.

"ಏನ್ ಹುಡುಕ್ತಾ ಇದೀರ ಅಜ್ಜಿ?"

"ನಾಯಿ ಕಣಪ್ಪ."

"ಯಾರ್ದು?"

"ನಮ್ದು" ಎಂದರು ದೊಡ್ಡಮ್ಮ.

ನಾಯಿ ಸಿಗಲಿಲ್ಲ. ಮಾರನೆಯ ದಿನವೂ, ಆಮೇಲೂ. ಆ ಮೊದಲ ದಿನ ವಾಪಸು ಬರುವಾಗ ಆಟೋದಲ್ಲಿ ಅವರು ಹೇಳಿದ್ದನ್ನು ನಾನು ಮರೆಯಲಾರೆ. "ನಡುಬೀದೀಲಿ ನಿಂತು ನಮ್ದು ನಮ್ದು ಅಂದ್ಬಿಟ್ಟೆ ಕಣವ್ವ. ಅದಕ್ಕೇ ಸಿಗ್ಲಿಲ್ಲ ಅದು." ಆ ಮನುಷ್ಯ ಬೇಕೆಂದೇ ಹಾಗೆ ಕೇಳಿದ್ದು ಎಂದು ಬಿಡಿಸಿ ಹೇಳಿದೆ. "ಬಿಡು, ಅವರೇನ್ ಮಾಡ್ತಾರೆ. ನನ್ನ ಬಾಯೇ ಸರಿಯಿಲ್ಲ" ಎಂದರು. ಅವರ ಕೆಟ್ಟತನವನ್ನೂ ಇವರೇ ತಲೆಯ ಮೇಲೆ ಹೊತ್ತುಕೊಂಡರು. ನನಗೆ ಇಂದಿಗೂ ಸಹಿಸಲಾಗದ್ದು ಅದು.

ಕೆಲವು ವರ್ಷಗಳ ನಂತರ ದೊಡ್ಡಮ್ಮ ತೀರಿಕೊಂಡರು. ತಿಥಿ ಊಟಕ್ಕೆ ಅತ್ತಿಗುಪ್ಪೆಯಿಂದ ಹೋದೆ. ಎಲೆಯ ಮುಂದೆ ಕೂತ ಮೂಲೆಮನೆಯವರು ಪಕ್ಕದವರಿಗೆ ಹೇಳುತ್ತಿದ್ದರು, "ಪುಣ್ಯಾತ್ಗಿತ್ತಿ. ಜೀವಮಾನದಲ್ಲಿ ಒಂದನ್ನೂ ನಂದು ಅಂದವರಲ್ಲ."

"ಒಂದನ್ನ ಅಂದಿದ್ರು" ಎಂದೆ. "ನೀವು ಅಲ್ಲೇ ನಿಂತಿದ್ರಿ."

ಅವರು ನನ್ನನ್ನು ನೋಡಿದರು, ಎಲೆ ನೋಡಿಕೊಂಡರು. "ಊಟದ ಹೊತ್ತಲ್ಲಿ ಯಾಕೆ ಅದೆಲ್ಲ" ಎಂದು ಬಡಿಸುವವನಿಗೆ ಪಾಯಸ ತೋರಿಸಿದರು. ನಾನು ಉಣ್ಣದೆ ಎದ್ದು ಬಂದೆ.

ಈಗ ಅಪರೂಪಕ್ಕೆ ಆ ಬೀದಿಗೆ ಹೋಗುತ್ತೇನೆ. ಸೈಟಿನಲ್ಲಿ ಮನೆ ಎದ್ದಿದೆ. ಗೋಡೆಯ ಪಕ್ಕ ಮೂಲೆಮನೆಯವರ ಕಾರು ನಿಂತಿರುತ್ತದೆ. ಬೊಗಳಲು ಯಾರೂ ಇಲ್ಲ.