ಪಟ್ಟಿಯಲ್ಲಿ ಅವ್ವನ ಹೆಸರು

ಮೊದಲ ಚುನಾವಣೆಯ ಮತದಾರರ ಪಟ್ಟಿ ಬರೆಯಲು ಬಂದವರಿಗೆ ಅವ್ವ ತನ್ನ ಹೆಸರು ಹೇಳದೆ ‘ಇಂಥವನ ತಾಯಿ’ ಎಂದಷ್ಟೇ ಬರೆಸಿದ್ದಳು. ಅಂಥ ಹೆಂಗಸರನ್ನೆಲ್ಲ ಪಟ್ಟಿಯಿಂದ ತೆಗೆಯುತ್ತಾರೆಂದು ಕೇಳಿ, ನಾನು ಗೋಕಾಕದ ಕಚೇರಿಗೆ ಹೋಗಿ ಮೇಜು ಗುದ್ದಿದೆ.

“ನಮ್ಮವ್ವ ಮನುಷ್ಯಾಳಲ್ಲೇನ್ರಿ?”

ಗುಮಾಸ್ತ ಟಾಕನ್ನು ಶಾಯಿಗೆ ಅದ್ದಿದ. “ಖರೆ ಐತ್ರಿ. ಈಗ ಬರೀತೀನಿ, ಅವರ ಹೆಸರು ಹೇಳ್ರಿ.”

ನನಗೇ ಅದು ಗೊತ್ತಿರಲಿಲ್ಲ. ಊರವರು ಅವಳನ್ನು ನನ್ನ ಹೆಸರಿನಿಂದಲೇ ಗುರುತಿಸುತ್ತಿದ್ದರು. ನನಗೆ ಅವಳು ಬರೀ ಅವ್ವ.

ಅವನು ನಗಲಿಲ್ಲ. “ನಾಳೆ ಸಂಜಿತನಕ ವ್ಯಾಳ್ಯಾ ಐತಿ. ಕೇಳ್ಕೊಂಡು ಬರ್ರಿ.”

ನಮ್ಮೂರು ಅಂಕಲಗಿಗೆ ಮರಳಿ ಬಂದು ಅವ್ವನನ್ನೇ ಅವಳ ಹೆಸರು ಕೇಳಿದೆ.

“ತಂಗೆವ್ವ. ಯಾರು ಕೇಳ್ಯಾರೋ?” ಎಂದಳು.

“ಸರಕಾರ,” ಎಂದೆ.

ಮರುದಿನ ಗುಮಾಸ್ತ ಆ ಹೆಸರನ್ನು ದುಂಡಗೆ ಬರೆದ. ಸರಕಾರವನ್ನು ನಾನು ಇಂದಿಗೂ ಬೈಯುತ್ತೇನೆ. ಆದರೆ ಅವ್ವನ ಹೆಸರನ್ನು ನನಗಿಂತ ಮೊದಲು ಕೇಳಿದ್ದು ಅದೇ.